ನಡಿಗೆ ನಿಧಾನವಾದರೆ ವಯಸ್ಸೊಂದೇ ಕಾರಣವೇ?

ಕೆಲವು ವರ್ಷಗಳ ಹಿಂದಿನ ಮಾತು. ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ಮಗನ ಜೊತೆ ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ವಯಸ್ಸು ಅರವತ್ತೇಳು. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ; ಮಾತ್ರೆಯಲ್ಲೇ ಹತೋಟಿಯಲ್ಲಿತ್ತು. ರಕ್ತದೊತ್ತಡ ನೋಡಿ ಚೀಟಿ ಬರೆದುಕೊಟ್ಟೆ. ಎದ್ದು ಹೊರಡುವಾಗ ಆಕೆ, "ಡಾಕ್ಟ್ರೇ, ಈಗೀಗ ಹೊಸ್ತಿಲು ದಾಟೋವಾಗ ಕಾಲು ಎಡವುತ್ತೆ. ನೆಲದ ಮೇಲೆ ಕಾಲಿಟ್ಟರೂ ಇಟ್ಟ ಹಾಗೆ ಅನ್ಸಲ್ಲ" ಎಂದರು. ಹೊರಗೆ ಇನ್ನೂ ಹದಿನೈದು ಜನ ಕಾಯುತ್ತಿದ್ದರು. "ವಯಸ್ಸಾಯ್ತಲ್ಲಮ್ಮ, ಸ್ವಲ್ಪ ನೋಡ್ಕೊಂಡು ನಿಧಾನವಾಗಿ ನಡೀರಿ" ಎಂದೆ. "ನಾನೂ ಅದನ್ನೇ ಹೇಳ್ತಿರ್ತೀನಿ ಡಾಕ್ಟ್ರೇ" ಎಂದು ಮಗ ದನಿಗೂಡಿಸಿದ.

ಮೂರು ತಿಂಗಳಾದ ಮೇಲೆ ಆಕೆ ಬಚ್ಚಲುಮನೆಯ ಹೊಸ್ತಿಲಿಗೆ ಎಡವಿ ಬಿದ್ದು ತೊಡೆಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ ಪರೀಕ್ಷಿಸಿದಾಗ ಪಾದಗಳ ಸ್ಪರ್ಶಜ್ಞಾನ ಬಹಳ ಕುಗ್ಗಿರುವುದು ಕಂಡುಬಂತು. ರಕ್ತದಲ್ಲಿ ಬಿ-12 ಜೀವಸತ್ವವೂ ತೀರಾ ಕಡಿಮೆಯಿತ್ತು. ಆಕೆ ಸಸ್ಯಾಹಾರಿ, ಜೊತೆಗೆ ಬಹಳ ಕಾಲದಿಂದ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದವರು. ಬಿ-12 ಕಡಿಮೆಯಾಗಲು ಇವೆರಡೂ ಕಾರಣವಾಗಬಲ್ಲವು. ಅಂದೇ ನಾನು ಐದು ನಿಮಿಷ ಕೊಟ್ಟು ಅವರ ಪಾದ ಪರೀಕ್ಷಿಸಿ, ನಾಲ್ಕು ಹೆಜ್ಜೆ ನಡೆಸಿ ನೋಡಿದ್ದರೆ ಇದೆಲ್ಲ ಗೊತ್ತಾಗುತ್ತಿತ್ತು. 'ವಯಸ್ಸಾಯ್ತು' ಎಂಬುದು ಒಂದು ರೋಗದ ಹೆಸರಲ್ಲ ಎಂಬ ಪಾಠವನ್ನು ನಾನು ಕಲಿತದ್ದು ಹೀಗೆ.

ವಯಸ್ಸು ನಮ್ಮ ನಡಿಗೆಯನ್ನು ಬದಲಿಸುತ್ತದೆ ಎಂಬುದು ನಿಜ. ಹೆಣ್ಣು ಗಂಡಿನ ನಡಿಗೆಯಲ್ಲಿ ವ್ಯತ್ಯಾಸವಿರುವುದೂ ನಿಜ. ಆದರೆ ಈ ಬದಲಾವಣೆಗಳಿಗೆ ಒಂದು ಕ್ರಮವಿದೆ, ಒಂದು ಮಿತಿಯಿದೆ. ಅದು ತಿಳಿದಿದ್ದರೆ ಯಾವುದು ಸಹಜ, ಯಾವುದು ಕಾಯಿಲೆಯ ಸೂಚನೆ ಎಂದು ಮನೆಯವರೇ ಗುರುತಿಸಬಹುದು.

ಒಂದು ಹೆಜ್ಜೆಯೊಳಗೆ ಏನೇನಿದೆ?

ಬಲಗಾಲಿನ ಹಿಮ್ಮಡಿ ನೆಲ ಮುಟ್ಟಿದ ಕ್ಷಣದಿಂದ ಅದೇ ಹಿಮ್ಮಡಿ ಮತ್ತೆ ನೆಲ ಮುಟ್ಟುವವರೆಗಿನ ಅವಧಿಯನ್ನು ನಡಿಗೆಯ ಒಂದು ಸುತ್ತು ಎನ್ನುತ್ತಾರೆ. ಇದರಲ್ಲಿ ಸುಮಾರು ಶೇ 60ರಷ್ಟು ಹೊತ್ತು ಆ ಕಾಲು ನೆಲದ ಮೇಲಿರುತ್ತದೆ. ಉಳಿದ ಶೇ 40ರಷ್ಟು ಹೊತ್ತು ಗಾಳಿಯಲ್ಲಿ ತೂಗುತ್ತ ಮುಂದಕ್ಕೆ ಬರುತ್ತದೆ. ಎರಡು ಕಾಲೂ ಒಟ್ಟಿಗೆ ನೆಲದ ಮೇಲಿರುವುದು ಸುತ್ತಿನ ಸುಮಾರು ಶೇ 20ರಷ್ಟು ಹೊತ್ತು ಮಾತ್ರ. ಅಂದರೆ ನಡೆಯುವಾಗ ಹೆಚ್ಚಿನ ಹೊತ್ತು ನಾವು ಒಂಟಿಕಾಲಿನ ಮೇಲೆಯೇ ಇರುತ್ತೇವೆ.

ಒಂಟಿಕಾಲಿನಲ್ಲಿರುವಾಗ ದೇಹ ಆಚೆಗೆ ವಾಲದಂತೆ ಹಿಡಿದಿಡುವುದು ಪೃಷ್ಠದ ಪಕ್ಕದ ಸ್ನಾಯುಗಳು. ಮುಂದಕ್ಕೆ ನೂಕುವ ಮುಖ್ಯ ಕೆಲಸ ಮೀನಖಂಡದ್ದು: ಅದು ಹಿಮ್ಮಡಿಯನ್ನು ಎತ್ತಿ, ಬೆರಳುಗಳ ಬುಡದಿಂದ ನೆಲವನ್ನು ಹಿಂದಕ್ಕೆ ಒತ್ತುತ್ತದೆ. ಗಾಳಿಯಲ್ಲಿರುವ ಕಾಲು ಮುಂದೆ ಬರುವಾಗ ಬೆರಳ ತುದಿಗೂ ನೆಲಕ್ಕೂ ಇರುವ ಅಂತರ ಒಂದೆರಡು ಸೆಂಟಿಮೀಟರ್ ಅಷ್ಟೆ! ಇಷ್ಟು ಸಣ್ಣ ಅಂತರದಲ್ಲಿ ಬದುಕಿಡೀ ಎಡವದೆ ನಡೆಯುತ್ತೇವೆಂದರೆ ಅದು ಕಣ್ಣು, ಒಳಗಿವಿ, ಅಂಗಾಲಿನ ನರ, ಮಿದುಳು, ಸ್ನಾಯು, ಕೀಲು ಎಲ್ಲವೂ ಹೊಂದಿಕೊಂಡು ಕೆಲಸ ಮಾಡುವುದರ ಫಲ. ಇವುಗಳಲ್ಲಿ ಯಾವುದೊಂದು ಸೋತರೂ ಮೊದಲು ಏಟು ಬೀಳುವುದು ಈ ಒಂದೆರಡು ಸೆಂಟಿಮೀಟರಿಗೆ. ಆ ಶಿಕ್ಷಕಿ ಹೊಸ್ತಿಲು ಎಡವುತ್ತಿದ್ದುದು ಇದೇ ಕಾರಣಕ್ಕೆ.

ಮಗುವಿನ ಹೆಜ್ಜೆ

ಮಕ್ಕಳು ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿ ಸ್ವತಂತ್ರವಾಗಿ ನಡೆಯತೊಡಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಎಂಟು ತಿಂಗಳಿನಿಂದ ಹದಿನೇಳೂವರೆ ತಿಂಗಳವರೆಗೆ ಯಾವಾಗ ನಡೆದರೂ ಅದು ಸಹಜವೇ. ಪಕ್ಕದ ಮನೆಯ ಮಗು ಹತ್ತನೇ ತಿಂಗಳಿಗೇ ನಡೆಯಿತೆಂದು ಚಿಂತಿಸಬೇಕಾಗಿಲ್ಲ. ಆದರೆ ಒಂದೂವರೆ ವರ್ಷ ತುಂಬಿದರೂ ನಡೆಯದ ಮಗುವನ್ನು ವೈದ್ಯರಿಗೆ ತೋರಿಸಲೇಬೇಕು.

ಹೊಸದಾಗಿ ನಡೆಯುವ ಮಗು ಕಾಲುಗಳನ್ನು ಅಗಲಿಸಿ, ಕೈಗಳನ್ನು ಮೇಲೆತ್ತಿ, ಇಡೀ ಅಂಗಾಲನ್ನು ಒಮ್ಮೆಲೇ ನೆಲಕ್ಕೆ ಬಡಿಯುತ್ತದೆ. ಒಂದು ವರ್ಷದ ಮಗು ನಿಮಿಷಕ್ಕೆ 170ಕ್ಕೂ ಹೆಚ್ಚು ಹೆಜ್ಜೆ ಇಡುತ್ತದೆ. ಒಂದೂವರೆ ವರ್ಷದ ಹೊತ್ತಿಗೆ ಹಿಮ್ಮಡಿ ಮೊದಲು ಊರುವುದನ್ನು ಕಲಿಯುತ್ತದೆ. ಅಮೆರಿಕದ ಮೂಳೆತಜ್ಞ ಡೇವಿಡ್ ಸದರ್‌ಲ್ಯಾಂಡ್ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮೂರು ವರ್ಷಕ್ಕೆ ಮಗುವಿನ ನಡಿಗೆ ಬಹುಮಟ್ಟಿಗೆ ದೊಡ್ಡವರ ನಡಿಗೆಯಂತೆಯೇ ಆಗಿಬಿಡುತ್ತದೆ. ಆಮೇಲೆ ಕಾಲು ಉದ್ದವಾದಂತೆ ಹೆಜ್ಜೆ ಉದ್ದವಾಗುತ್ತದೆ. ಈ ವಯಸ್ಸಿನಲ್ಲಿ ಹುಡುಗ ಹುಡುಗಿಯರ ನಡಿಗೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಎರಡು ವರ್ಷದವರೆಗೆ ಕಾಲುಗಳು ಬಿಲ್ಲಿನಂತೆ ಹೊರಬಾಗಿರುವುದು, ಮೂರು ನಾಲ್ಕು ವರ್ಷಕ್ಕೆ ಮಂಡಿಗಳು ಒಂದಕ್ಕೊಂದು ತಾಗುವುದು ಬೆಳವಣಿಗೆಯ ಹಂತಗಳೇ. ಏಳು ವರ್ಷದ ಹೊತ್ತಿಗೆ ಸರಿಹೋಗುತ್ತದೆ. ಒಂದೇ ಕಾಲು ಬಾಗಿದ್ದರೆ, ಬಾಗು ಹೆಚ್ಚುತ್ತ ಹೋದರೆ, ಮಗು ಕುಂಟಿದರೆ ಮಾತ್ರ ತೋರಿಸಿ.

ಗಂಡ ಮುಂದೆ, ಹೆಂಡತಿ ಹಿಂದೆ

ಸಂಜೆ ವಾಯುವಿಹಾರಕ್ಕೆ ಹೊರಟ ದಂಪತಿಗಳನ್ನು ನೋಡಿ. ಗಂಡ ಹತ್ತು ಮಾರು ಮುಂದೆ, ಹೆಂಡತಿ ಹಿಂದೆ. "ಇವರ ಜೊತೆ ನಡೆಯೋದಲ್ಲ, ಓಡಬೇಕು" ಎಂದು ಹೆಂಗಸರು ದೂರುವುದುಂಟು. ದೂರಿನಲ್ಲಿ ಲೆಕ್ಕವಿದೆ. ಒಂದು ಹೆಜ್ಜೆಯ ಉದ್ದ ವ್ಯಕ್ತಿಯ ಎತ್ತರದ ಸುಮಾರು ಶೇ 40ರಷ್ಟಿರುತ್ತದೆ, ಸ್ವಲ್ಪ ಹೆಚ್ಚೇ ಎನ್ನಿ. ಐದಡಿ ಎಂಟಂಗುಲದ ಗಂಡಸಿನ ಹೆಜ್ಜೆ ಸುಮಾರು 72 ಸೆಂಟಿಮೀಟರ್ ಆದರೆ, ಐದಡಿಯ ಹೆಂಗಸಿನದು 63. ಆತ 100 ಹೆಜ್ಜೆ ಇಡುವಲ್ಲಿ ಆಕೆ 114 ಹೆಜ್ಜೆ ಇಡಬೇಕು. ವಯಸ್ಕರು ಸಾಮಾನ್ಯವಾಗಿ ನಿಮಿಷಕ್ಕೆ 100ರಿಂದ 120 ಹೆಜ್ಜೆ ಇಡುತ್ತಾರೆ; ಹೆಂಗಸರ ಹೆಜ್ಜೆ ಗಿಡ್ಡ, ಎಣಿಕೆಯಲ್ಲಿ ಹೆಚ್ಚು. ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಈ ವ್ಯತ್ಯಾಸದ ಬಹುಪಾಲು ಇಲ್ಲವಾಗುತ್ತದೆ. ಆದ್ದರಿಂದ ಜೊತೆಯಾಗಿ ನಡೆಯುವಾಗ ಹೆಜ್ಜೆ ಹೊಂದಿಸಿಕೊಳ್ಳಬೇಕಾದವರು ಗಂಡಸರು.

ಎತ್ತರಕ್ಕೆ ಸಂಬಂಧಿಸದ ವ್ಯತ್ಯಾಸಗಳೂ ಇವೆ. ನಡೆಯುವಾಗ ಹೆಂಗಸರ ಸೊಂಟದ ಮೂಳೆಗೂಡು ಎಡಬಲಕ್ಕೆ ಏರಿಳಿಯುವುದು ಹೆಚ್ಚು. ಗಂಡಸರಲ್ಲಿ ಭುಜಗಳ ತೂಗಾಟ ಹೆಚ್ಚು. ನಮ್ಮ ಕವಿಗಳು ಹೆಣ್ಣನ್ನು ಹಂಸಗಮನೆ ಎಂದು ಕರೆದದ್ದು ಬರಿಯ ಕಲ್ಪನೆಯಲ್ಲವೆನ್ನಿ. ಕೀಲುಗಳಿಗೆ ಬೆಳಕಿನ ಬಿಂದುಗಳನ್ನು ಅಂಟಿಸಿಕೊಂಡು ಕತ್ತಲಲ್ಲಿ ನಡೆಯುವವರನ್ನು ತೋರಿಸಿದರೂ, ಆ ಬಿಂದುಗಳ ಚಲನೆಯಿಂದಲೇ ಹೆಣ್ಣೋ ಗಂಡೋ ಎಂದು ನೋಡುಗರು ಅನೇಕ ಸಲ ಸರಿಯಾಗಿ ಹೇಳಬಲ್ಲರೆಂದು 1977ರಲ್ಲಿ ಅಮೆರಿಕದ ಇಬ್ಬರು ಮನೋವಿಜ್ಞಾನಿಗಳು ತೋರಿಸಿದರು.

ಗರ್ಭಿಣಿಯರಲ್ಲಿ ದೇಹದ ಭಾರ ಮುಂದಕ್ಕೆ ಸರಿಯುತ್ತದೆ, ಕೀಲುಗಳನ್ನು ಬಿಗಿದಿಡುವ ತಂತುಗಳು ಸಡಿಲಗೊಳ್ಳುತ್ತವೆ. ಸಮತೋಲನಕ್ಕಾಗಿ ಅವರು ಕಾಲುಗಳನ್ನು ಸ್ವಲ್ಪ ಅಗಲಿಸಿ ನಡೆಯುತ್ತಾರೆ. ಹೆರಿಗೆಯ ನಂತರ ಇದು ಕ್ರಮೇಣ ಸರಿಹೋಗುತ್ತದೆ. ಇನ್ನು ಎತ್ತರ ಹಿಮ್ಮಡಿಯ ಚಪ್ಪಲಿಗಳ ವಿಚಾರ. ಅವು ಮಂಡಿಯ ಮೇಲಿನ ಒತ್ತಡವನ್ನು ಹೆಚ್ಚಿಸುತ್ತವೆಂದು 1998ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮದುವೆ ಮುಂಜಿಗೆ ಒಂದು ದಿನ ಹಾಕಿಕೊಂಡರೆ ಚಿಂತೆಯಿಲ್ಲ. ನಿತ್ಯದ ಓಡಾಟಕ್ಕೆ ಬೇಡ.

ಅರವತ್ತರ ನಂತರ

ಆರೋಗ್ಯವಂತ ವಯಸ್ಕರು ತಮ್ಮ ಪಾಡಿಗೆ ನಡೆಯುವಾಗ ಸೆಕೆಂಡಿಗೆ ಸುಮಾರು 1.2ರಿಂದ 1.4 ಮೀಟರ್ ಸಾಗುತ್ತಾರೆ. ಅರವತ್ತರವರೆಗೆ ಈ ವೇಗ ಹೆಚ್ಚೇನೂ ತಗ್ಗುವುದಿಲ್ಲ. ಅಲ್ಲಿಂದಾಚೆಗೆ ಇಳಿಯುತ್ತ ಬಂದು, ಎಂಬತ್ತು ದಾಟಿದವರಲ್ಲಿ ಸುಮಾರು 1 ಮೀಟರಿಗೆ ಅಥವಾ ಅದಕ್ಕೂ ಸ್ವಲ್ಪ ಕೆಳಗೆ ಬರುತ್ತದೆ. ಹೆಜ್ಜೆ ಗಿಡ್ಡವಾಗುವುದೇ ಇದಕ್ಕೆ ಮುಖ್ಯ ಕಾರಣ. ನಿಮಿಷಕ್ಕೆ ಇಡುವ ಹೆಜ್ಜೆಗಳ ಎಣಿಕೆ ಅಷ್ಟಾಗಿ ಕಡಿಮೆಯಾಗುವುದಿಲ್ಲ. ಎರಡೂ ಕಾಲು ನೆಲದ ಮೇಲಿರುವ ಹೊತ್ತು ಹೆಚ್ಚುತ್ತದೆ, ಕೈ ಬೀಸುವುದು ಕಡಿಮೆಯಾಗುತ್ತದೆ.

ಈ ವಿಷಯದಲ್ಲಿ ಮೊದಲಿಗೆ ವ್ಯವಸ್ಥಿತವಾಗಿ ಕೆಲಸ ಮಾಡಿದವರಲ್ಲಿ ಅಮೆರಿಕದ ಮಿಲ್‌ವಾಕಿ ನಗರದ ಮೇರಿ ಪ್ಯಾಟ್ ಮರ್ರೆ ಪ್ರಮುಖರು. 1964ರಲ್ಲಿ ಗಂಡಸರ, 1969ರಲ್ಲಿ ಆರೋಗ್ಯವಂತ ವೃದ್ಧರ, 1970ರಲ್ಲಿ ಹೆಂಗಸರ ನಡಿಗೆಯ ಅಳತೆಗಳನ್ನು ಅವರು ಮತ್ತು ಸಂಗಡಿಗರು ಪ್ರಕಟಿಸಿದರು. ವೃದ್ಧರು ಜಾರುವ ನೆಲದ ಮೇಲೋ ಕತ್ತಲಲ್ಲೋ ನಡೆಯುವವರ ಹಾಗೆ ಎಚ್ಚರಿಕೆಯಿಂದ ನಡೆಯುತ್ತಾರೆಂಬುದು ಅವರು ಕಂಡುಕೊಂಡ ಸಂಗತಿ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ ದಾಟುವಾಗ ನಾವೆಲ್ಲರೂ ಹೇಗೆ ನಡೆಯುತ್ತೇವೆಂದು ನೆನೆಸಿಕೊಳ್ಳಿ. ವೃದ್ಧರ ನಡಿಗೆಯೂ ಹಾಗೆಯೇ.

ಒಳಗೆ ಆಗಿರುವುದೇನು? ಎಲ್ಲ ಸ್ನಾಯುಗಳೂ ಸಮನಾಗಿ ಸೋಲುವುದಿಲ್ಲ. ಹಿಂದಿನಿಂದ ನೂಕುವ ಮೀನಖಂಡದ ಬಲ ಹೆಚ್ಚು ಕುಗ್ಗುತ್ತದೆ. ಆ ಕೊರತೆಯನ್ನು ಸೊಂಟದ ಕೀಲಿನ ಸುತ್ತಲಿನ ಸ್ನಾಯುಗಳು ತುಂಬಿಕೊಡುತ್ತವೆ. ಒಂದೇ ವೇಗದಲ್ಲಿ ನಡೆಸಿದರೂ ವಯಸ್ಸಾದವರು ಪಾದದ ಕೀಲಿನಿಂದ ಕಡಿಮೆ, ಸೊಂಟದ ಕೀಲಿನಿಂದ ಹೆಚ್ಚು ಕೆಲಸ ತೆಗೆಯುತ್ತಾರೆಂದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದು ಸ್ಪಷ್ಟಪಡಿಸಿತು. ಈ ಏರ್ಪಾಟು ದುಬಾರಿ. ಅಷ್ಟೇ ದೂರಕ್ಕೆ ಹೆಚ್ಚು ಶಕ್ತಿ ಖರ್ಚಾಗುತ್ತದೆ, ಬೇಗ ದಣಿವಾಗುತ್ತದೆ. ಹೊತ್ತುಗಟ್ಟಲೆ ಕುಳಿತೇ ಇರುವವರಲ್ಲಿ ತೊಡೆಸಂದಿನ ಮುಂಭಾಗ ಬಿಗಿದುಕೊಂಡು, ಕಾಲು ಹಿಂದಕ್ಕೆ ಚಾಚದೆ ಹೆಜ್ಜೆ ಇನ್ನಷ್ಟು ಗಿಡ್ಡವಾಗುತ್ತದೆ. ದಣಿವೆಂದು ಕುಳಿತರೆ ಸ್ನಾಯು ಇನ್ನೂ ಸೊರಗುತ್ತದೆ. ಸೊರಗಿದ್ದಕ್ಕೆ ಮತ್ತೆ ಕೂರಬೇಕಾಗುತ್ತದೆ.

ನಡಿಗೆಯ ವೇಗ ಒಟ್ಟು ಆರೋಗ್ಯದ ಕನ್ನಡಿಯೂ ಹೌದು. 65 ದಾಟಿದ 34,000ಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ, ಚುರುಕಾಗಿ ನಡೆಯುವವರು ಹೆಚ್ಚು ಕಾಲ ಬದುಕುವುದು ಹೆಂಗಸರಲ್ಲೂ ಗಂಡಸರಲ್ಲೂ ಕಂಡುಬಂತು. ವೇಗವಾಗಿ ನಡೆದರೆ ಆಯುಷ್ಯ ಬೆಳೆಯುತ್ತದೆಂದು ಇದರ ಅರ್ಥವಲ್ಲ. ಹೃದಯ, ಶ್ವಾಸಕೋಶ, ನರ, ಸ್ನಾಯು ಚೆನ್ನಾಗಿರುವವರ ನಡಿಗೆ ತಾನಾಗಿಯೇ ಚುರುಕಾಗಿರುತ್ತದೆ. ಅದಕ್ಕಾಗಿಯೇ ನಡಿಗೆ ತಟ್ಟನೆ ನಿಧಾನವಾದರೆ ಒಳಗೇನೋ ಎಡವಟ್ಟಾಗಿದೆಯೆಂದು ತಿಳಿಯಬೇಕು.

ಹೆಂಗಸರಿಗೆ ಏಕೆ ಹೆಚ್ಚು ಅಪಾಯ?

65 ದಾಟಿದವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ವರ್ಷಕ್ಕೆ ಒಮ್ಮೆಯಾದರೂ ಬೀಳುತ್ತಾರೆ. ಬಿದ್ದಾಗ ಮೂಳೆ ಮುರಿಯುವುದು ಹೆಂಗಸರಲ್ಲಿ ಹೆಚ್ಚು. ಮುಟ್ಟು ನಿಂತ ಮೇಲೆ ಮೂಳೆಯ ಸಾರ ಬೇಗ ಬೇಗ ಕಡಿಮೆಯಾಗುವುದು ಒಂದು ಕಾರಣ. ಇನ್ನೊಂದು ಕಾರಣ ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಹೆಂಗಸರ ಸ್ನಾಯುಬಲದ ಮೂಲ ಬಂಡವಾಳವೇ ಗಂಡಸರಿಗಿಂತ ಕಡಿಮೆ. ವಯಸ್ಸಿನಿಂದ ಇಬ್ಬರೂ ಒಂದೇ ಪ್ರಮಾಣದಲ್ಲಿ ಕಳೆದುಕೊಂಡರೂ, ಕುರ್ಚಿಯಿಂದ ಕೈಯೂರದೆ ಏಳಲು, ಬಸ್ಸಿನ ಮೆಟ್ಟಿಲು ಹತ್ತಲು ಬೇಕಾದಷ್ಟು ಬಲವೂ ಇಲ್ಲದ ಸ್ಥಿತಿಗೆ ಹೆಂಗಸರು ಮೊದಲು ತಲುಪುತ್ತಾರೆ. ಐವತ್ತರ ನಂತರ ಮಂಡಿಯ ಕೀಲು ಸವೆಯುವುದೂ ಅವರಲ್ಲೇ ಹೆಚ್ಚು.

ಹಾಗೆಂದು ಗಂಡಸರು ನಿಶ್ಚಿಂತರಾಗಿರುವಂತಿಲ್ಲ. ತೊಡೆಮೂಳೆ ಮುರಿದ ನಂತರದ ಒಂದು ವರ್ಷದಲ್ಲಿ ಸಾವಿನ ಪ್ರಮಾಣ ಹೆಂಗಸರಿಗಿಂತ ಗಂಡಸರಲ್ಲೇ ಹೆಚ್ಚು.

ವಯಸ್ಸಿನ ತಲೆಗೆ ಕಟ್ಟಬಾರದ ಲಕ್ಷಣಗಳು

ವಯಸ್ಸಿನ ಬದಲಾವಣೆ ವರ್ಷಗಟ್ಟಲೆಯಲ್ಲಿ, ನಿಧಾನವಾಗಿ, ಎರಡೂ ಕಾಲುಗಳಲ್ಲಿ ಸಮನಾಗಿ ಆಗುವಂಥದು. ಹಾಗಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು. ಮುಖ್ಯವಾಗಿ ಇವನ್ನು ಗಮನಿಸಿ:

* ಕೆಲವೇ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ನಡಿಗೆ ಬದಲಾಗಿರುವುದು. ಒಮ್ಮೆಲೇ ಒಂದು ಕಡೆಯ ಕೈಕಾಲು ಸೋತರೆ ಅದು ಪಾರ್ಶ್ವವಾಯು ಇರಬಹುದು. ಗಂಟೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

* ಒಂದು ಕೈ ಬೀಸದಿರುವುದು, ಕಾಲು ಎಳೆದುಕೊಂಡು ಪುಟ್ಟ ಪುಟ್ಟ ಹೆಜ್ಜೆ ಇಡುವುದು, ತಿರುಗುವಾಗ ಕಾಲು ನೆಲಕ್ಕೆ ಅಂಟಿದಂತಾಗುವುದು. ಪಾರ್ಕಿನ್ಸನ್ ಕಾಯಿಲೆಯ ಆರಂಭ ಹೀಗಿರಬಹುದು.

* ಅಂಗಾಲು ಜೋಮು ಹಿಡಿದಂತೆ, ಹತ್ತಿಯ ಮೇಲೆ ನಡೆದಂತೆ ಅನಿಸುವುದು, ಕತ್ತಲಲ್ಲಿ ತೂರಾಡುವುದು. ಸಕ್ಕರೆ ಕಾಯಿಲೆ ಅಥವಾ ಬಿ-12 ಕೊರತೆಯಿಂದ ನರಗಳಿಗೆ ಹಾನಿಯಾಗಿರಬಹುದು.

* ಇಂತಿಷ್ಟು ದೂರ ನಡೆದೊಡನೆ ಮೀನಖಂಡ ಹಿಡಿದುಕೊಂಡು, ನಿಂತರೆ ಕಡಿಮೆಯಾಗುವ ನೋವು. ಬೀಡಿ ಸಿಗರೇಟು ಸೇದುವವರಲ್ಲಿ, ಮಧುಮೇಹಿಗಳಲ್ಲಿ ಕಾಲಿನ ರಕ್ತನಾಳ ಕಿರಿದಾಗಿರುವ ಸೂಚನೆ ಇದು.

* ನಡಿಗೆ ಕೆಡುವುದರ ಜೊತೆಗೆ ಮರೆವು, ಮೂತ್ರದ ಮೇಲೆ ಹತೋಟಿ ತಪ್ಪುವುದು. ಮಿದುಳಿನಲ್ಲಿ ನೀರು ಹೆಚ್ಚುವ ಒಂದು ಕಾಯಿಲೆಯಲ್ಲಿ ಹೀಗಾಗುತ್ತದೆ. ಕೆಲವರಿಗೆ ಶಸ್ತ್ರಚಿಕಿತ್ಸೆಯಿಂದ ಗುಣವಾಗುತ್ತದೆ.

* ಹೊಸ ಮಾತ್ರೆ ಶುರುಮಾಡಿದ ಮೇಲೆ ತೂರಾಟ. ನಿದ್ರೆಯ ಮಾತ್ರೆ, ರಕ್ತದೊತ್ತಡದ ಮಾತ್ರೆಗಳಿಂದ ಹೀಗಾಗಬಹುದು. ನೀವಾಗಿಯೇ ಮಾತ್ರೆ ನಿಲ್ಲಿಸದೆ ವೈದ್ಯರಿಗೆ ತಿಳಿಸಿ.

ಮನೆಯಲ್ಲೇ ಒಂದು ಪರೀಕ್ಷೆ

ಕೈಗಳಿರುವ ಕುರ್ಚಿಯೊಂದನ್ನಿಟ್ಟು, ಅಲ್ಲಿಂದ ಹತ್ತು ಅಡಿ ದೂರದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಹಿರಿಯರು ಕುರ್ಚಿಯಿಂದ ಎದ್ದು, ತಮ್ಮ ಎಂದಿನ ನಡಿಗೆಯಲ್ಲಿ ಗೆರೆಯವರೆಗೆ ಹೋಗಿ, ತಿರುಗಿ ಬಂದು ಕೂರಲಿ. ನೀವು ಗಡಿಯಾರ ನೋಡುತ್ತ, ಬಿದ್ದರೆ ಹಿಡಿಯುವಷ್ಟು ಹತ್ತಿರದಲ್ಲಿರಿ. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆಯೆಂದು ತಿಳಿಯಬೇಕು. ಇನ್ನೊಂದು ಸುಳಿವು: ನಡೆಯುತ್ತಿರುವಾಗ ಮಾತನಾಡಿಸಿದರೆ, ಉತ್ತರ ಕೊಡಲು ನಿಂತುಬಿಡುತ್ತಾರೆಯೇ? ಹಾಗಿದ್ದರೆ ನಡೆಯುವುದಕ್ಕೇ ಅವರು ಪೂರ್ತಿ ಗಮನ ಕೊಡಬೇಕಾಗಿದೆ ಎಂದರ್ಥ. ಇಂಥವರು ಬೀಳುವ ಸಂಭವ ಹೆಚ್ಚೆಂದು 1997ರಲ್ಲಿ ಸ್ವೀಡನ್ನಿನ ಸಂಶೋಧಕರು ವರದಿ ಮಾಡಿದರು.

ಕಾಲಿನ ಬಲ ಮರಳಿ ಬರುತ್ತದೆ

"ಈ ವಯಸ್ಸಲ್ಲಿ ಇನ್ನೇನು ವ್ಯಾಯಾಮ ಡಾಕ್ಟ್ರೇ?" ಎಂದು ಕೇಳುವವರಿಗೆ ನಾನು ಬಾಸ್ಟನ್ನಿನ ಒಂದು ಪ್ರಯೋಗದ ಕಥೆ ಹೇಳುತ್ತೇನೆ. 1990ರಲ್ಲಿ ಪ್ರಕಟವಾದ ಅದರಲ್ಲಿ ಭಾಗವಹಿಸಿದ ಹತ್ತು ಮಂದಿ ವೃದ್ಧಾಶ್ರಮವಾಸಿಗಳ ಸರಾಸರಿ ವಯಸ್ಸು 90. ಎಂಟು ವಾರ ತೊಡೆಯ ಸ್ನಾಯುಗಳಿಗೆ ಭಾರದ ವ್ಯಾಯಾಮ ಮಾಡಿಸಿದಾಗ, ಪೂರ್ತಿ ಮಾಡಿದವರ ಬಲ ಸರಾಸರಿ ಎರಡೂವರೆ ಪಟ್ಟಿಗಿಂತ ಹೆಚ್ಚಾಯಿತು, ನಡಿಗೆಯೂ ಸುಧಾರಿಸಿತು. ಸಮತೋಲನ ಮತ್ತು ಬಲದ ವ್ಯಾಯಾಮಗಳಿಂದ ಹಿರಿಯರು ಬೀಳುವುದು ಸುಮಾರು ಕಾಲುಭಾಗದಷ್ಟು ಕಡಿಮೆಯಾಗುತ್ತದೆಂದು ಆಮೇಲಿನ ಅನೇಕ ಅಧ್ಯಯನಗಳಿಂದ ತಿಳಿದಿದೆ.

ಯಾವ ಉಪಕರಣವೂ ಬೇಡ. ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ಹಿಮ್ಮಡಿ ಎತ್ತಿ, ಬೆರಳುಗಳ ಮೇಲೆ ನಿಂತು, ನಿಧಾನವಾಗಿ ಇಳಿಸುವುದು ಹತ್ತು ಸಲ. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು ಹತ್ತು ಸಲ. ಕಟ್ಟೆ ಹಿಡಿದು ಒಂದೊಂದೇ ಕಾಲನ್ನು ಪಕ್ಕಕ್ಕೆ, ಆಮೇಲೆ ಹಿಂದಕ್ಕೆ ಚಾಚುವುದು ಹತ್ತು ಹತ್ತು ಸಲ. ಕಟ್ಟೆಯ ಪಕ್ಕದಲ್ಲೇ ಒಂಟಿಕಾಲಿನಲ್ಲಿ ಹತ್ತು ಸೆಕೆಂಡು ನಿಲ್ಲುವುದು. ವಾರಕ್ಕೆ ಮೂರು ದಿನ ಮಾಡಿದರೆ ಎರಡು ತಿಂಗಳಲ್ಲಿ ವ್ಯತ್ಯಾಸ ತಿಳಿಯುತ್ತದೆ. ಬರಿಯ ವಾಯುವಿಹಾರ ಹೃದಯಕ್ಕೆ ಒಳ್ಳೆಯದಾದರೂ ಕಾಲಿನ ಬಲಕ್ಕೆ ಸಾಲದು. ಎದೆನೋವು, ತಲೆಸುತ್ತು ಇರುವವರು, ಈಗಾಗಲೇ ಬಿದ್ದಿರುವವರು ಮೊದಲು ವೈದ್ಯರನ್ನು ಕೇಳಿ. ಊಟದಲ್ಲಿ ಬೇಳೆಕಾಳು, ಮೊಸರು, ತಿನ್ನುವವರಾದರೆ ಮೊಟ್ಟೆ ಇರಲಿ. ಗಂಜಿ, ಸಾರು ಅನ್ನದಿಂದಷ್ಟೇ ಸ್ನಾಯು ಬೆಳೆಯದು.

ಮನೆಯಲ್ಲೂ ಕೆಲವು ಬದಲಾವಣೆ ಅಗತ್ಯ. ಬಚ್ಚಲಿನಲ್ಲಿ ಹಿಡಿಕೆ, ರಾತ್ರಿ ದೀಪ, ಹೊಸ್ತಿಲಿಗೆ ಎದ್ದು ಕಾಣುವ ಬಣ್ಣ ಇರಲಿ. ಜಾರುವ ಕಾಲೊರಸನ್ನು ತೆಗೆದುಹಾಕಿ. ಸವೆದ ಹವಾಯಿ ಚಪ್ಪಲಿಯ ಬದಲು ಹಿಂದೆ ಪಟ್ಟಿಯಿರುವ ಚಪ್ಪಲಿ ಕೊಡಿಸಿ.

ಊರುಗೋಲು ಬೇಕಾದವರು ನಾಚಿಕೊಳ್ಳಬಾರದು. ಆದರೆ ಬಹಳ ಜನ ಅದನ್ನು ನೋವಿರುವ ಕಾಲಿನ ಕಡೆಯೇ ಹಿಡಿಯುತ್ತಾರೆ, ಇದು ತಪ್ಪು. ಬಲಗಾಲು ನೋಯುತ್ತಿದ್ದರೆ ಕೋಲು ಎಡಗೈಯಲ್ಲಿರಬೇಕು. ಆಗ ನೋವಿನ ಕಾಲಿನ ಮೇಲೆ ಭಾರ ಬೀಳುವ ಹೊತ್ತಿಗೆ ಕೋಲು ಆಚೆ ಬದಿಯಿಂದ ಅದನ್ನು ಹಂಚಿಕೊಳ್ಳುತ್ತದೆ. ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟಿನ ಮಟ್ಟಕ್ಕೆ ಕೋಲಿನ ಹಿಡಿ ಬರಬೇಕು.

ಆ ಶಿಕ್ಷಕಿ ಈಗ ಕೋಲೂರಿ ಮನೆಯೊಳಗೆ, ಅಂಗಳದಲ್ಲಿ ಓಡಾಡುತ್ತಾರೆ. ಬಿ-12 ಚುಚ್ಚುಮದ್ದಿನಿಂದ ಪಾದದ ಜೋಮು ಸ್ವಲ್ಪ ಕಡಿಮೆಯಾಗಿದೆ. ದಿನವೂ ನಡೆದು ಹೋಗುತ್ತಿದ್ದ ದೇವಸ್ಥಾನಕ್ಕೆ ಮಾತ್ರ ಈಗ ಮಗನೇ ಆಟೋದಲ್ಲಿ ಕರೆದೊಯ್ಯಬೇಕು. ನನ್ನನ್ನು ಅವರು ಒಂದು ಮಾತೂ ಅಂದಿಲ್ಲ. ಅಂದಿನಿಂದ ವಯಸ್ಸಾದವರು ಯಾರೇ ಬಂದರೂ, ಹೊರಗೆ ಎಷ್ಟೇ ಜನ ಕಾಯುತ್ತಿರಲಿ, ಬಾಗಿಲಿನಿಂದ ಕುರ್ಚಿಯವರೆಗೆ ಅವರು ನಡೆದು ಬರುವುದನ್ನು ನಾನು ಪೂರ್ತಿ ನೋಡುತ್ತೇನೆ. ನೀವೂ ನಿಮ್ಮ ಮನೆಯ ಹಿರಿಯರು ನಡೆಯುವುದನ್ನು ಒಮ್ಮೆ ಗಮನವಿಟ್ಟು ನೋಡಿ. ಹೋದ ವರ್ಷ ಹೀಗೆಯೇ ನಡೆಯುತ್ತಿದ್ದರೇ ಎಂದು ನೆನಪು ಮಾಡಿಕೊಳ್ಳಿ. ಇಲ್ಲವೆನಿಸಿದರೆ, ಬೀಳುವವರೆಗೆ ಕಾಯದೆ ವೈದ್ಯರ ಬಳಿಗೆ ಕರೆದುಕೊಂಡು ಬನ್ನಿ.